ನರೆ-ತೆರೆಯ ಮದ್ದು: ಸನತ್ಕುಮಾರನಿಂದ ಕುಮಾರಧಾರೆಯ ದಂಡೆಯವರೆಗೆ

ಮುಪ್ಪಿನ ಮೊದಲ ಗುರುತುಗಳನ್ನು ಹೇಳಲು ಕನ್ನಡದಲ್ಲಿ ಒಂದು ಹಳೆಯ ಜೋಡುನುಡಿಯಿದೆ: ನರೆ-ತೆರೆ. ನರೆಯೆಂದರೆ ಕೂದಲಿನ ಬಿಳುಪು. ತೆರೆಯೆಂದರೆ ಚರ್ಮದ ಸುಕ್ಕು. ಸಂಸ್ಕೃತದ ವಲೀ-ಪಲಿತಗಳಿಗೆ ಇದು ಸಂವಾದಿಯಾದರೂ ಕನ್ನಡದ ‘ತೆರೆ’ಗೆ ಅಲೆ ಎಂಬ ಅರ್ಥವೂ ಇರುವುದರಿಂದ ಕೆನ್ನೆಯ ಮೇಲಿನ ಗೆರೆಗೆ ಚಲನೆಯೊಂದು ಒದಗುತ್ತದೆ. ದಡಕ್ಕೆ ಬಂದ ಅಲೆಯ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಇದೇ ಜೋಡಿಯಿಂದ ಆರಂಭವಾಗಿ ಮುಪ್ಪು ದೇಹವನ್ನು ಹಂತಹಂತವಾಗಿ ಆಕ್ರಮಿಸುವ ಬಗೆಯನ್ನು ಹೇಳುತ್ತದೆ.

ಈ ತೆರೆಯನ್ನು ಹಿಂದಕ್ಕೆ ಕಳುಹಿಸುವೆವೆಂಬ ವೈದ್ಯಕ್ಕೆ ಇಂದು ‘ಪುನರುಜ್ಜೀವಕ ಚಿಕಿತ್ಸೆ’ ಎಂಬ ಹೆಸರು ಬಂದಿದೆ. ರೋಗಿಯದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವವನ್ನು ಮುಖದ ಚರ್ಮಕ್ಕೆ ಚುಚ್ಚುವುದು, ಸೂಕ್ಷ್ಮ ಸೂಜಿಗಳಿಂದ ಗಾಯಮಾಡಿ ಚರ್ಮ ತಾನೇ ಮಾಗುವಂತೆ ಮಾಡುವುದು, ಪ್ರಾಣಿಮೂಲದ ಅಥವಾ ಪ್ರಯೋಗಾಲಯದಲ್ಲಿ ಬೆಳೆಸಿದ ವಸ್ತುಗಳನ್ನು ತುಂಬುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ತೋಟಗಳ ನಡುವಿನಿಂದ ಮಂಗಳೂರಿನ ಚರ್ಮವೈದ್ಯರಲ್ಲಿಗೆ ಹೋಗುವವರಿಗೆ ಇವು ಅಪರಿಚಿತ ಪದಗಳಾಗಿ ಉಳಿದಿಲ್ಲ. ಇಂತಹ ಚಿಕಿತ್ಸೆಯಿಂದ ಫಲವಿದೆಯೇ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದು. ಕನ್ನಡ ನಾಡಿನ ಜೈನ ವೈದ್ಯ ಮತ್ತು ಕಾವ್ಯ ಪರಂಪರೆಗಳು ಅದಕ್ಕಿಂತ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳಿದ್ದವು: ಒಬ್ಬನ ಮುಪ್ಪನ್ನು ನೀಗುವ ಮದ್ದು ಯಾರ ಒಡಲಿನಿಂದ ಬರುತ್ತದೆ? ಸಾವಿರದ ನೂರಕ್ಕೂ ಮಿಕ್ಕಿದ ವರ್ಷಗಳ ಹಿಂದೆ ರಾಷ್ಟ್ರಕೂಟರ ಆಸ್ಥಾನದಲ್ಲಿ ವಾದಕ್ಕೆ ಬಂದ ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಮೊದಲು ಕಾವ್ಯವನ್ನು ನೋಡಬಹುದು. ಜೈನ ಕಥಾಲೋಕದಲ್ಲಿ ನರೆ-ತೆರೆಗಳು ದೂತರಂತೆ ಬರುತ್ತವೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (ಕ್ರಿ.ಶ. 1209) ಯಶೋಧರನ ತಂದೆ ಯಶೌಘನು ನರೆಗೂದಲನ್ನು ಕಂಡೊಡನೆ ಮಗನಿಗೆ ಪಟ್ಟಗಟ್ಟಿ ತಪಸ್ಸಿಗೆ ತೆರಳುತ್ತಾನೆ. ವಿಮಲಸೂರಿಯ ‘ಪಉಮಚರಿಯ’ದ ದಶರಥನಿಗೆ ವೈರಾಗ್ಯ ಮೂಡಿಸುವವನು ಒಬ್ಬ ಮುದಿ ಕಂಚುಕಿ. ಜಿನಾಭಿಷೇಕದ ಗಂಧೋದಕವನ್ನು ರಾಣಿಗೆ ತಲುಪಿಸಲು ಆತ ತಡಮಾಡುತ್ತಾನೆ. ಕಾರಣ ಕೇಳಿದರೆ ತನ್ನ ಕುಸಿದ ಮೈಯನ್ನೇ ಉತ್ತರವಾಗಿ ತೋರಿಸುತ್ತಾನೆ. ಆ ಮೈ ನಾಳೆ ತನ್ನದೂ ಆಗುವುದೆಂದು ಅರಸನಿಗೆ ಹೊಳೆಯುತ್ತದೆ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ ಇದೇ ಪರಂಪರೆಯ ಕಾವ್ಯ. ‘ಕಂಚುಕ’ ಎಂಬ ಪದಕ್ಕೆ ನಿಲುವಂಗಿ ಎಂಬ ಅರ್ಥದೊಡನೆ ಹಾವಿನ ಪೊರೆ ಎಂಬ ಅರ್ಥವೂ ಇದೆ, ‘ಕಂಚುಕಿ’ ಎಂದರೆ ಹಾವೂ ಹೌದು. ಹಾವು ಪೊರೆ ಕಳಚಿ ಹೊಸತಾಗುತ್ತದೆ, ಅಂತಃಪುರದ ಕಂಚುಕಿಗೆ ಆ ಸೌಲಭ್ಯವಿಲ್ಲ. ಕವಿಗಳು ಈ ಶ್ಲೇಷೆಯನ್ನು ಬೇಕೆಂದು ಹೂಡಿದರೋ ಇಲ್ಲವೋ, ಕಥೆಯ ಮರ್ಮ ಮಾತ್ರ ಅದರಲ್ಲಿ ಅಡಗಿದೆ.

ಮುಖದ ಚೆಲುವು ಮತ್ತು ಅದರ ಚಿಕಿತ್ಸೆಯ ಕುರಿತು ಈ ಪರಂಪರೆಯ ಅತ್ಯಂತ ತೀಕ್ಷ್ಣವಾದ ಕಥೆ ಸನತ್ಕುಮಾರ ಚಕ್ರವರ್ತಿಯದು. ಕನ್ನಡದ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಇದೂ ಒಂದು. ಹೇಮಚಂದ್ರನ ‘ತ್ರಿಷಷ್ಟಿಶಲಾಕಾಪುರುಷಚರಿತ’ದಲ್ಲಿ ಕಥೆ ಹೀಗೆ ಸಾಗುತ್ತದೆ: ಸನತ್ಕುಮಾರನ ರೂಪವನ್ನು ಇಂದ್ರನು ಹೊಗಳಿದಾಗ ನಂಬದ ಇಬ್ಬರು ದೇವತೆಗಳು ಬ್ರಾಹ್ಮಣರ ವೇಷದಲ್ಲಿ ಬಂದು ಅವನನ್ನು ಎಣ್ಣೆ ಪೂಸಿಕೊಂಡ ಮೈಯಲ್ಲಿಯೇ ಕಂಡು ಬೆರಗಾಗುತ್ತಾರೆ. ‘ಈಗಲ್ಲ, ಸಿಂಗರಿಸಿಕೊಂಡು ಸಭೆಯಲ್ಲಿ ಕುಳಿತಾಗ ಬಂದು ನೋಡಿ’ ಎಂಬ ಭಾವದ ಗರ್ವದ ಮಾತನ್ನು ಅರಸ ಆಡುತ್ತಾನೆ. ಅವರು ಸಭೆಗೆ ಬಂದಾಗ ಮುಖ ಬಾಡುತ್ತದೆ, ಆದರೆ ಬಾಡುವುದು ನೋಡುವವರ ಮುಖ. ಕೆಲವೇ ಗಳಿಗೆಗಳಲ್ಲಿ ಅರಸನ ರೂಪ ಕುಂದಿರುವುದನ್ನು ಅವರು ಕಂಡಿದ್ದರು. ಅಭ್ಯಂಜನಕ್ಕೂ ಆಸ್ಥಾನಕ್ಕೂ ನಡುವಿನ ಹೊತ್ತಿನಲ್ಲಿಯೇ ಮುಪ್ಪು ಬಂದು ಕುಳಿತಿತ್ತು.

ಕಥೆಯ ಉತ್ತರಾರ್ಧ ಇನ್ನೂ ವಿಶೇಷವಾದುದು. ದೀಕ್ಷೆ ವಹಿಸಿದ ಸನತ್ಕುಮಾರ ಮುನಿಯನ್ನು ರೋಗಗಳು ಮುತ್ತುತ್ತವೆ. ಅದೇ ದೇವತೆಗಳು ಈಗ ವೈದ್ಯರ ವೇಷದಲ್ಲಿ ಬಂದು ಚಿಕಿತ್ಸೆ ಮಾಡುವೆವೆನ್ನುತ್ತಾರೆ. ಮುನಿ ತನ್ನ ಉಗುಳನ್ನು ಬೆರಳಿಗೆ ಸವರಿ ತೋರಿಸುತ್ತಾನೆ: ರೋಗಗ್ರಸ್ತವಾದ ಬೆರಳು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಚರ್ಮವನ್ನು ಹೊಸದಾಗಿಸುವ ಮದ್ದು ಆತನ ಒಡಲಲ್ಲಿಯೇ ಇದೆ, ಅದನ್ನು ಬಳಸಲು ಮಾತ್ರ ಅವನಿಗೆ ಮನಸ್ಸಿಲ್ಲ. ಕರ್ಮರೋಗಕ್ಕೆ ಮದ್ದಿದ್ದರೆ ಕೊಡಿ ಎಂಬುದು ಅವನ ಉತ್ತರ. ಜೈನ ಆಗಮಗಳು ಹೇಳುವ ಔಷಧ ಋದ್ಧಿಗಳ ಕಲ್ಪನೆ ಈ ಸನ್ನಿವೇಶದ ಹಿನ್ನೆಲೆಯಲ್ಲಿದೆ. ಸ್ನಾನವನ್ನು ತೊರೆದ, ಮಲಪರೀಷಹವನ್ನು ಸಹಿಸಿದ ಮುನಿಯ ಬೆವರು, ಕೊಳೆ, ಉಗುಳುಗಳೇ ಪರರಿಗೆ ಔಷಧವಾಗುತ್ತವೆ ಎಂಬುದು ಅದರ ತಿರುಳು. ಶರೀರದ ಚರ್ಮವನ್ನು ಸಂಪೂರ್ಣವಾಗಿ ಅಲಕ್ಷಿಸಿದವನಲ್ಲಿ ಮಾತ್ರ ಚರ್ಮೌಷಧ ಹುಟ್ಟುತ್ತದೆಂಬ ಈ ವಿಪರ್ಯಾಸವನ್ನು ಸಾಹಿತ್ಯದ ವಿದ್ಯಾರ್ಥಿಗಳು ಇನ್ನೂ ಸಾಕಷ್ಟು ಗಮನಿಸಿದಂತಿಲ್ಲ.

ಇಷ್ಟನ್ನೇ ಓದಿದವರಿಗೆ ಜೈನರು ರಸಾಯನ ಚಿಕಿತ್ಸೆಯನ್ನು ತಿರಸ್ಕರಿಸಿದರೆಂಬ ಭಾವನೆ ಬರಬಹುದು. ವೈದ್ಯಗ್ರಂಥಗಳು ಆ ಭಾವನೆಯನ್ನು ಕೂಡಲೇ ಅಳಿಸುತ್ತವೆ. ಮುನಿಧರ್ಮ ಬೇರೆ, ಶ್ರಾವಕನ ಆರೋಗ್ಯ ಬೇರೆ. ಜೈನ ವೈದ್ಯವು ತನ್ನ ಮೂಲವನ್ನು ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯದಲ್ಲಿ ಗುರುತಿಸಿಕೊಂಡಿತು. 9ನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದ ಉಗ್ರಾದಿತ್ಯಾಚಾರ್ಯನು ತನ್ನ ಹಿಂದಿನ ಜೈನ ವೈದ್ಯಾಚಾರ್ಯರನ್ನು ಒಂದೇ ಪದ್ಯದಲ್ಲಿ ಸ್ಮರಿಸುತ್ತಾನೆ. ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಶಾಂತಿಗೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಶಿಶುವೈದ್ಯಕ್ಕೆ ಮೇಘನಾದ, ವೃಷ್ಯ ಮತ್ತು ‘ದಿವ್ಯಾಮೃತ’ಕ್ಕೆ ಸಿಂಹನಾದ. ದಿವ್ಯಾಮೃತವೆಂದರೆ ರಸಾಯನ, ಮುಪ್ಪನ್ನು ತಡೆಯುವ ಶಾಸ್ತ್ರ. ಅದನ್ನು ಬರೆದವನು ಸ್ವತಃ ಮುನಿ ಎಂಬುದು ನೆನಪಿಡತಕ್ಕದ್ದು. ಸಿಂಹನಾದನ ಕೃತಿ ಉಳಿದುಬಂದಿಲ್ಲ.

ಉಗ್ರಾದಿತ್ಯನ ಕಾಲಕ್ಕೆ ರಸಾಯನದ ಶಾಸ್ತ್ರ ಆಗಲೇ ಬಲಿತಿತ್ತು. ಚರಕಸಂಹಿತೆ ಎರಡು ಬಗೆಯ ರಸಾಯನವನ್ನು ಹೇಳುತ್ತದೆ: ಮೂರು ಸುತ್ತಿನ ಗೋಡೆಯ ಕುಟಿಯೊಳಗೆ ಗಾಳಿ-ಬಿಸಿಲು ತಾಗದೆ ಇದ್ದು ಸೇವಿಸುವ ಕುಟೀಪ್ರಾವೇಶಿಕ, ದೈನಂದಿನ ಬದುಕಿನ ನಡುವೆಯೇ ಸೇವಿಸುವ ವಾತಾತಪಿಕ. ರಸಾಯನವನ್ನು ಎಳೆಯ ಅಥವಾ ನಡುವಯಸ್ಸಿನಲ್ಲಿ, ಶೋಧನೆಯ ನಂತರ ಮಾತ್ರ ಕೊಡಬೇಕೆಂದೂ ಶೋಧನೆಯಿಲ್ಲದ ದೇಹಕ್ಕೆ ಅದು ಕೊಳೆಬಟ್ಟೆಗೆ ಬಣ್ಣ ಹಿಡಿಯದಂತೆ ವ್ಯರ್ಥವೆಂದೂ ಸುಶ್ರುತನ ಪರಂಪರೆ ಎಚ್ಚರಿಸುತ್ತದೆ. ಮುಂದೆ ಶಾರ್ಙ್ಗಧರನು ಹತ್ತು ಹತ್ತು ವರ್ಷಗಳಿಗೆ ಮನುಷ್ಯ ಕಳೆದುಕೊಳ್ಳುವ ಗುಣಗಳ ಪಟ್ಟಿಯನ್ನೇ ಕೊಟ್ಟ. ಅದರ ಪ್ರಕಾರ ಮೈಯ ಕಾಂತಿ ಮೂರನೆಯ ದಶಕಕ್ಕೆ ಸಲ್ಲುತ್ತದೆ, ಚರ್ಮದ ಗಟ್ಟಿತನ ಐದನೆಯದಕ್ಕೆ. ವಯಸ್ಕರ ಚರ್ಮದ ಕಾಲಜನ್ ವರ್ಷಕ್ಕೆ ಸುಮಾರು 1 ಶೇಕಡಾದಂತೆ ಕುಗ್ಗುತ್ತದೆ, ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಸ್ತ್ರೀಯರಲ್ಲಿ ಸುಮಾರು 30 ಶೇಕಡಾ ನಷ್ಟವಾಗುತ್ತದೆ ಎಂಬ ಇಂದಿನ ಲೆಕ್ಕದ ಪಕ್ಕದಲ್ಲಿ ಈ ಪಟ್ಟಿಯನ್ನು ಇಟ್ಟು ಓದಿದರೆ ಶಾರ್ಙ್ಗಧರನ ಕಣ್ಣು ಸೂಕ್ಷ್ಮವಾದುದೆಂದು ಒಪ್ಪಬೇಕಾಗುತ್ತದೆ.

ಮುಖದ ಚರ್ಮಕ್ಕೆ ಮಾತ್ರ ಮೀಸಲಾದ ವಿಧಿಯನ್ನು ವಾಗ್ಭಟನ ‘ಅಷ್ಟಾಂಗಹೃದಯ’ ಕೊಡುತ್ತದೆ. ಅಲ್ಲಿ ಮುಖಲೇಪ ಮೂರು ಬಗೆ: ದೋಷಹರ, ವಿಷಹರ, ವರ್ಣ್ಯ. ಲೇಪದ ದಪ್ಪ ಕಾಲು, ಮೂರನೆಯ ಒಂದು ಅಥವಾ ಅರ್ಧ ಅಂಗುಲ. ಆರು ಋತುಗಳಿಗೆ ಆರು ಲೇಪಗಳು. ಲೇಪ ಹಸಿಯಾಗಿರುವಾಗಲೇ ತೆಗೆಯಬೇಕು, ಒಣಗಿದರೆ ಇರುವ ಕಾಂತಿಯೂ ಕೆಡುತ್ತದೆ. ಹಚ್ಚಿಕೊಂಡವರು ಹಗಲು ಮಲಗಬಾರದು, ಹೆಚ್ಚು ಮಾತಾಡಬಾರದು, ದುಃಖಿಸಬಾರದು, ಸಿಟ್ಟಾಗಬಾರದು, ಬೆಂಕಿ-ಬಿಸಿಲಿಗೆ ಹೋಗಬಾರದು. ಇಂದಿನ ಚಿಕಿತ್ಸಾಲಯಗಳು ಕೊಡುವ ಸೂಚನೆಗಳ ಹಾಳೆಗೂ ಇದಕ್ಕೂ ಬಹಳ ದೂರವಿಲ್ಲ. ಬಿಸಿಲಿನ ನಿಷೇಧವಂತೂ ಅಕ್ಷರಶಃ ಉಳಿದುಬಂದಿದೆ. ಮುಖದ ಸುಕ್ಕಿಗೆ ಬಿಸಿಲಿನ ಅತಿನೇರಳೆ ಕಿರಣಗಳಷ್ಟು ದೊಡ್ಡ ಹೊರಗಣ ಕಾರಣ ಇನ್ನೊಂದಿಲ್ಲ.

ಉಗ್ರಾದಿತ್ಯನ ವೈಶಿಷ್ಟ್ಯ ಇರುವುದು ಹೊಸ ಲೇಪಗಳಲ್ಲಿ ಅಲ್ಲ. ಆತ ರಸಾಯನವನ್ನು ಉಳಿಸಿಕೊಂಡು ಅದರ ಮೂಲದ್ರವ್ಯಗಳನ್ನು ಪ್ರಶ್ನಿಸಿದ. 25 ಪರಿಚ್ಛೇದಗಳ ತನ್ನ ಗ್ರಂಥಕ್ಕೆ ಅವನು ಜೋಡಿಸಿದ ‘ಹಿತಾಹಿತಾಧ್ಯಾಯ’ದಲ್ಲಿ ಮಾಂಸವು ಔಷಧವಾಗಿಯೂ ಅನವಶ್ಯಕವೆಂಬ ವಾದವನ್ನು ನೃಪತುಂಗವಲ್ಲಭನ ಸಭೆಯಲ್ಲಿ, ವಿದ್ವಾಂಸರ ಮತ್ತು ವೈದ್ಯರ ಸಮ್ಮುಖದಲ್ಲಿ ಮಂಡಿಸಿದುದಾಗಿ ಹೇಳಿಕೊಂಡಿದ್ದಾನೆ. ಈ ನೃಪತುಂಗನು ಅಮೋಘವರ್ಷನೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆಯುರ್ವೇದದ ಸಂಹಿತೆಗಳಲ್ಲಿ ಮಾಂಸರಸ, ಮದ್ಯ, ಜೇನುಗಳು ಧಾರಾಳವಾಗಿವೆ, ಚ್ಯವನಪ್ರಾಶದಲ್ಲಿಯೇ ಜೇನಿದೆ. ಮದ್ಯ-ಮಾಂಸಗಳನ್ನು ಬಿಡುವುದು ವೈದ್ಯನಿಗೆ ಕಷ್ಟವಲ್ಲ. ಜೇನನ್ನು ಬಿಡುವುದು ಕಷ್ಟ, ಏಕೆಂದರೆ ಬಹಳಷ್ಟು ಲೇಹ್ಯಗಳಿಗೆ ಅದೇ ಅನುಪಾನ ಮತ್ತು ಅದೇ ರಕ್ಷಕ. ಆದರೂ 12ನೆಯ ಶತಮಾನದಲ್ಲಿ ಪೂಜ್ಯಪಾದನ ವೈದ್ಯವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನು ತನ್ನ ಚಿಕಿತ್ಸೆಯಿಂದ ಮದ್ಯ, ಮಾಂಸ, ಮಧು ಮೂರನ್ನೂ ಹೊರಗಿಟ್ಟ. ಕನ್ನಡದ ವೈದ್ಯಸಾಹಿತ್ಯ ತನ್ನ ಬಾಲ್ಯದಲ್ಲಿಯೇ ಈ ನಿಯಮವನ್ನು ಕಲಿತಿತೆಂಬುದು ಸಣ್ಣ ಸಂಗತಿಯಲ್ಲ.

ಉಗ್ರಾದಿತ್ಯನ ‘ಕಲ್ಯಾಣಕಾರಕ’ 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಹಿಂದಿ ಅನುವಾದದೊಡನೆ ಬೆಳಕು ಕಂಡಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇದೇ ಕಾಲಘಟ್ಟದ ಜೈನ ದಾಖಲೆಗಳನ್ನು ಹುಡುಕುವವರಿಗೆ ‘ಕಡಬದ ತಾಮ್ರಶಾಸನ’ ಎದುರಾಗುತ್ತದೆ. ಅಮೋಘವರ್ಷನ ತಂದೆ ಮೂರನೆಯ ಗೋವಿಂದನ ಕಾಲದ, ಶಕವರ್ಷ 735ರ ಈ ಶಾಸನವು ವಿಮಲಾದಿತ್ಯನೆಂಬ ಅಧಿಕಾರಿಯ ಶನಿಪೀಡೆಯನ್ನು ನೀಗಿಸಿದ ಅರ್ಕಕೀರ್ತಿ ಮುನಿಗೆ ದೊರೆತ ದತ್ತಿಯನ್ನು ಹೇಳುತ್ತದೆ. ಅದು ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಕಡಬ. ದಕ್ಷಿಣ ಕನ್ನಡದ ಕಡಬವಲ್ಲ. ಹೆಸರಿನ ಸಾಮ್ಯದಿಂದ ಊರಿಗೆ ಇತಿಹಾಸ ಕಟ್ಟುವ ಉತ್ಸಾಹ ಅಂತರ್ಜಾಲದಲ್ಲಿ ಹೆಚ್ಚಾಗಿರುವುದರಿಂದ ಇದನ್ನು ಹೇಳಬೇಕಾಯಿತು.

ದಕ್ಷಿಣ ಕನ್ನಡದ ಕಡಬಕ್ಕೆ ಚರ್ಮಚಿಕಿತ್ಸೆಯ ತನ್ನದೇ ಇತಿಹಾಸವಿದೆ, ಅದು ತಾಮ್ರಪಟಗಳಲ್ಲಿ ಇಲ್ಲ. ಹಿಂದೆ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಸ್ನಾನ ಮತ್ತು ಹುತ್ತದ ಮಣ್ಣಿನ ಮೃತ್ತಿಕಾ ಪ್ರಸಾದ ಚರ್ಮರೋಗಗಳನ್ನು ಕಳೆಯುತ್ತವೆಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ನಾಗನ ಕ್ಷೇತ್ರ ಚರ್ಮದ ಕ್ಷೇತ್ರವಾದುದರಲ್ಲಿ ಆಶ್ಚರ್ಯವಿಲ್ಲ. ಪೊರೆ ಕಳಚುವ ಜೀವಿಯಲ್ಲಿ ಜನ ಮೊದಲು ಕಂಡದ್ದು ಚರ್ಮ ಹೊಸದಾಗುವ ಅದ್ಭುತವನ್ನು. ಮನುಷ್ಯನೂ ಪೊರೆ ಕಳಚುತ್ತಾನೆ, ಆದರೆ ಯಾರಿಗೂ ಕಾಣದ ಪುಡಿಯಾಗಿ. ಎಳೆಯ ವಯಸ್ಸಿನಲ್ಲಿ ಸುಮಾರು 28 ದಿನಗಳಿಗೊಮ್ಮೆ, ಮುಪ್ಪಿನಲ್ಲಿ ಇನ್ನೂ ನಿಧಾನವಾಗಿ ಹೊರಚರ್ಮ ಬದಲಾಗುತ್ತದೆ. ಸುಕ್ಕು ಹುಟ್ಟುವುದು ಅದರ ಕೆಳಗಿನ ಪದರದಲ್ಲಿ. ಅಲ್ಲಿಯ ತಂತುಕೋಶಗಳು ಕಾಲಜನ್ ಹೆಣೆಯುವುದನ್ನು ಕಡಿಮೆಮಾಡಿದಾಗ ಮೇಲ್ಮೈ ಕುಸಿಯುತ್ತದೆ. ಮೇಲೆ ಸವರಿದ ಮಣ್ಣಾಗಲಿ ಕುಂಕುಮಾದಿ ತೈಲವಾಗಲಿ ಆ ಆಳವನ್ನು ಮುಟ್ಟುವುದು ಸುಲಭವಲ್ಲ. ಹುತ್ತಕ್ಕೂ ಈ ನೆಲಕ್ಕೂ ನಂಟು ಹಳೆಯದು. ಪುತ್ತೂರೆಂಬ ಹೆಸರಿಗೆ ‘ಪುತ್ತು’ ಅಂದರೆ ಹುತ್ತವೇ ಮೂಲವೆಂಬ ನಿಷ್ಪತ್ತಿಯೂ ಉಂಟು. ಹುತ್ತದ ನಡುವೆ, ಬಳ್ಳಿ ಹಬ್ಬಿದ ಮೈಯಲ್ಲಿ ನಿಂತ ಬಾಹುಬಲಿಯ ಚಿತ್ರವನ್ನು ಬಲ್ಲ ಓದುಗರಿಗೆ, ಅದೇ ಹುತ್ತದ ಮಣ್ಣನ್ನು ಮೈಗೆ ಪೂಸಿಕೊಳ್ಳುವ ಆಚರಣೆ ಬೇರೆಯೇ ಒಂದು ದಿಕ್ಕಿನ ಚಲನೆಯಾಗಿ ಕಂಡೀತು.

ಈ ಸೀಮೆಯ ಗದ್ದೆಯ ಬದುಗಳಲ್ಲಿ ಇನ್ನೊಂದು ಮದ್ದು ಸದ್ದಿಲ್ಲದೆ ಹಬ್ಬಿದೆ. ತುಳುವಿನಲ್ಲಿ ತಿಮರೆ, ಹವ್ಯಕರ ಮಾತಿನಲ್ಲಿ ಉರಗೆ, ಗ್ರಂಥಸ್ಥ ಕನ್ನಡದಲ್ಲಿ ಒಂದೆಲಗ, ಚರಕನಲ್ಲಿ ಮಂಡೂಕಪರ್ಣೀ. ಚರಕ ಇದನ್ನು ಮೇಧ್ಯ ರಸಾಯನಗಳಲ್ಲಿ ಎಣಿಸಿದ; ಪುತ್ತೂರು-ಸುಳ್ಯದ ಮನೆಗಳು ತಂಬುಳಿ ಮತ್ತು ಚಟ್ನಿ ಮಾಡಿದವು. 1941ರಲ್ಲಿ ಫ್ರೆಂಚ್ ರಸಾಯನಜ್ಞ ಬೋಂತೆಮ್ ಮಡಗಾಸ್ಕರಿನ ಗಿಡದಿಂದ ಏಷಿಯಾಟಿಕೊಸೈಡ್ ಎಂಬ ಸತ್ತ್ವವನ್ನು ಬೇರ್ಪಡಿಸಿದ. ಅದೇ ದಶಕದಲ್ಲಿ ಬೊಯಿತೊ ಮತ್ತು ಸಂಗಡಿಗರು ಅದನ್ನು ಕುಷ್ಠರೋಗಿಗಳ ಹುಣ್ಣುಗಳ ಮೇಲೆ ಪ್ರಯೋಗಿಸಿದರು. ಮುಂದೆ ಈ ವರ್ಗದ ಸತ್ತ್ವಗಳು ಮಾನವ ತಂತುಕೋಶಗಳಲ್ಲಿ ಒಂದನೆಯ ಬಗೆಯ ಕಾಲಜನ್ನಿನ ಉತ್ಪತ್ತಿಯನ್ನು ಹೆಚ್ಚಿಸುತ್ತವೆಂದು ಪ್ರಯೋಗಾಲಯಗಳಲ್ಲಿ ಕಂಡುಬಂತು. ಕುಷ್ಠದ ಹುಣ್ಣಿನಿಂದ ಹೊರಟ ಮದ್ದು ಹೀಗೆ ಕೆನ್ನೆಯ ಸುಕ್ಕಿಗೆ ಬಂದು ತಲುಪಿತು. ಇಂದು ‘ಸಿಕಾ’ ಎಂಬ ಹೆಸರಿನ ಕೊರಿಯದ ಮುಲಾಮುಗಳಲ್ಲಿ ಇರುವುದು ಇದೇ ತಿಮರೆ. ಕುಷ್ಠಕ್ಕೆಂದು ಸಂಹಿತೆಗಳು ಹೇಳಿದ ಬಾವಂಚಿಯ ಕಥೆಯೂ ಹಾಗೆಯೇ. ಅದರ ಬೀಜದಿಂದ 1966ರಲ್ಲಿ ಭಾರತೀಯ ರಸಾಯನಜ್ಞರು ಬೇರ್ಪಡಿಸಿದ ಬಾಕುಚಿಯಾಲನ್ನು 2019ರಲ್ಲಿ ಪ್ರಕಟವಾದ 44 ಜನರ, 12 ವಾರಗಳ ಅಧ್ಯಯನವೊಂದರಲ್ಲಿ ರೆಟಿನಾಲಿನೊಡನೆ ತೂಗಿನೋಡಿದಾಗ ಸುಕ್ಕು ಕುಗ್ಗಿಸುವುದರಲ್ಲಿ ಎರಡೂ ಸಮವೆನಿಸಿದವು. 44 ಜನರ ಸಾಕ್ಷ್ಯ ಚಿಕ್ಕದೇ, ಆದರೆ ಇಲ್ಲಿ ಯಾವ ಜೀವಿಯ ಒಡಲನ್ನೂ ಬಗೆಯಬೇಕಾಗಲಿಲ್ಲ.

ಉಳಿದ ಪುನರುಜ್ಜೀವಕ ದ್ರವ್ಯಗಳ ಬಗ್ಗೆ ಹೀಗೆ ಹೇಳುವಂತಿಲ್ಲ. ಇಂದು ಮುಖಕ್ಕೆ ತುಂಬುವ ಹೈಯಲುರಾನಿಕ್ ಆಮ್ಲವನ್ನು ಕಾರ್ಲ್ ಮೈಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಮುಂದೆ ಅದಕ್ಕೆ ದೊಡ್ಡ ಆಕರವಾದುದು ಹುಂಜದ ಜುಟ್ಟು. ಅಮೆರಿಕದಲ್ಲಿ 1981ರಲ್ಲಿ ಅನುಮತಿ ಪಡೆದ ಮೊದಲ ಕಾಲಜನ್ ಭರ್ತಿ ದನದ ತೊಗಲಿನದು. ಈಚೆಗೆ ಹೆಸರಾಗಿರುವ ಪಾಲಿನ್ಯೂಕ್ಲಿಯೊಟೈಡ್ ಚುಚ್ಚುಮದ್ದು ಸಾಲ್ಮನ್ ಮೀನಿನ ವೀರ್ಯದಿಂದ ಬರುತ್ತದೆ, ಮತ್ತೊಂದು ಜನಪ್ರಿಯ ದ್ರವ ಬಸವನಹುಳದ ಲೋಳೆಯಿಂದ. ಜೈನ ಜೀವವರ್ಗೀಕರಣದ ಭಾಷೆಯಲ್ಲಿ ದನ, ಹುಂಜ, ಮೀನುಗಳು ಪಂಚೇಂದ್ರಿಯಗಳು, ಶಂಖದ ಜಾತಿಯ ಬಸವನಹುಳ ದ್ವೀಂದ್ರಿಯ, ಜೇನುನೊಣ ಚತುರಿಂದ್ರಿಯ. ಈಗ ಹೈಯಲುರಾನಿಕ್ ಆಮ್ಲ ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ಬರುತ್ತಿರುವುದರಿಂದ ಅದು ಪಂಚೇಂದ್ರಿಯದಿಂದ ಏಕೇಂದ್ರಿಯಕ್ಕೆ ಇಳಿದಿದೆ ಎನ್ನಬಹುದು. ಗೃಹಸ್ಥನ ಅಣುವ್ರತ ತ್ರಸಜೀವಗಳ ವಧೆಯನ್ನು ನಿಷೇಧಿಸುತ್ತದೆ, ಸ್ಥಾವರ ಏಕೇಂದ್ರಿಯಗಳಲ್ಲಿ ಮಿತಿಯನ್ನು ಮಾತ್ರ ಕೇಳುತ್ತದೆ. ಉಗ್ರಾದಿತ್ಯನ ಅಳತೆಗೋಲಿನಲ್ಲಿ ಇದು ನಿಜವಾದ ಪ್ರಗತಿ.

ಆದರೆ ಹುಂಜದ ವಿಷಯ ಬಂದಾಗ ಜನ್ನನನ್ನು ಬದಿಗಿಡಲಾಗದು. ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಧೆ ಬೇಡವೆಂದು, ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಹುಂಜ ಕೂಗುತ್ತದೆ. ಆ ಸಂಕಲ್ಪಹಿಂಸೆಗಾಗಿ ತಾಯಿ-ಮಗ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಉಗ್ರಾದಿತ್ಯ ದ್ರವ್ಯವನ್ನು ನೋಡಿದ, ಜನ್ನ ಸಂಕಲ್ಪವನ್ನು ನೋಡಿದ. ಬದಲಿ ಹುಂಜ ಯಶೋಧರನನ್ನು ಕಾಪಾಡಲಿಲ್ಲ. ಕೃತಕವಾಗಿ ತಯಾರಾದ ದ್ರವ್ಯ ಇಂದಿನ ಬಳಕೆದಾರನನ್ನು ಹಿಂಸೆಯಿಂದ ಬಿಡಿಸುತ್ತದೆಯೇ? ಬಿಡಿಸುತ್ತದೆ ಎಂದೇ ಹೇಳಬೇಕು. ಯಶೋಧರನಿಗೆ ಕೊಲ್ಲುವ ಕ್ರಿಯೆಯೇ ಬೇಕಾಗಿತ್ತು, ಹುದುಗುತೊಟ್ಟಿಯ ಆಮ್ಲವನ್ನು ಬಯಸುವವರಿಗೆ ಹುಂಜದ ಸಾವು ಬೇಕಾಗಿಲ್ಲ. ಸಂಕಲ್ಪದ ಸಿದ್ಧಾಂತವನ್ನು ಎಲ್ಲ ಬದಲಿಗಳಿಗೂ ಅನ್ವಯಿಸುವುದು ಜನ್ನನನ್ನು ತಪ್ಪಾಗಿ ಓದಿದಂತೆ.

ತನ್ನ ರಕ್ತದಿಂದಲೇ ತನಗೆ ಮದ್ದು ಎಂಬ ಪ್ಲೇಟ್‌ಲೆಟ್ ಚಿಕಿತ್ಸೆ ಈ ಎಲ್ಲ ಆಕ್ಷೇಪಗಳಿಂದ ಪಾರಾದಂತೆ ತೋರುತ್ತದೆ. ಸನತ್ಕುಮಾರನ ಉಗುಳಿನಂತೆ ಇದೂ ಸ್ವದೇಹಜನ್ಯ. ಸಾಮಾನ್ಯವಾಗಿ 10ರಿಂದ 20 ಮಿಲಿಲೀಟರ್ ರಕ್ತ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್‌ಗಳು ಸಾಂದ್ರವಾದ ಭಾಗವನ್ನು ಮುಖಕ್ಕೆ ಚುಚ್ಚುತ್ತಾರೆ. ಗಾಯವಾದಲ್ಲಿ ಪ್ಲೇಟ್‌ಲೆಟ್‌ಗಳು ಬಿಡುಗಡೆಮಾಡುವ ಬೆಳವಣಿಗೆಯ ಅಂಶಗಳು ತಂತುಕೋಶಗಳನ್ನು ಎಚ್ಚರಿಸಿ ಕಾಲಜನ್ ಹೆಣೆಯಿಸುತ್ತವೆಂಬುದು ಇದರ ತರ್ಕ. ತರ್ಕ ಸಮಂಜಸವಾದುದು, ಪುರಾವೆ ಮಾತ್ರ ಅಸಮವಾದುದು. ಒಂದೊಂದು ಕಡೆ ಒಂದೊಂದು ವಿಧಾನದಲ್ಲಿ ದ್ರವ ತಯಾರಾಗುವುದರಿಂದ ಫಲಿತಾಂಶಗಳನ್ನು ಹೋಲಿಸುವುದೇ ಕಷ್ಟ. ಅಪಾಯ ದ್ರವ್ಯಕ್ಕಿಂತ ಹೆಚ್ಚಾಗಿ ಕೈಯಲ್ಲಿದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಅಂಗಡಿಯೊಂದರಲ್ಲಿ ಇದನ್ನು ಮಾಡಿಸಿಕೊಂಡ ಸ್ತ್ರೀಯರಿಗೆ ಎಚ್‌ಐವಿ ತಗುಲಿದುದನ್ನು ಅಲ್ಲಿನ ರೋಗನಿಯಂತ್ರಣ ಕೇಂದ್ರ 2024ರಲ್ಲಿ ವರದಿಮಾಡಿತು. ಆಕರಕೋಶಗಳ ಹೆಸರಿನಲ್ಲಿ ಯೌವನವನ್ನು ಮಾರುವವರ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲವು ರಕ್ತಸಂಬಂಧಿ ರೋಗಗಳ ಹೊರತು ಅವುಗಳ ವಾಣಿಜ್ಯ ಚಿಕಿತ್ಸೆಗೆ ಒಪ್ಪಿಗೆಯಿಲ್ಲ.

ತನ್ನ ರಕ್ತದ ಗಡಿಯನ್ನು ದಾಟಿದವರೂ ಇದ್ದಾರೆ. ಎಳೆಯರ ರಕ್ತದ ಪ್ಲಾಸ್ಮಾವನ್ನು ಹಿರಿಯರಿಗೆ ಕೊಡುವ ವ್ಯಾಪಾರದ ವಿರುದ್ಧ ಅಮೆರಿಕದ ಔಷಧ ನಿಯಂತ್ರಕರು 2019ರ ಫೆಬ್ರವರಿಯಲ್ಲಿ ಎಚ್ಚರಿಕೆ ನೀಡಬೇಕಾಯಿತು. ಮಗನಿಂದ ಯೌವನವನ್ನು ಕೇಳಿ ಪಡೆದ ಯಯಾತಿಯ ಕಥೆ ಪುರಾಣವಾಗಿಯೂ ಗಿರೀಶ ಕಾರ್ನಾಡರ 1961ರ ನಾಟಕವಾಗಿಯೂ ಕನ್ನಡದಲ್ಲಿದೆ; ಬೆಲೆ ಕಟ್ಟಿ ಮಾರುವ ಪೂರುವನ್ನು ಮಾತ್ರ ಪುರಾಣ ಊಹಿಸಿರಲಿಲ್ಲ.

ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಕೇಂದ್ರದಲ್ಲಿ ನಿಲ್ಲಿಸಿದ್ದು ಒಬ್ಬ ಮುದಿ ವಿಧವೆಯನ್ನು. ನರೆ-ತೆರೆಗಳು ಅಲ್ಲಿ ವೈರಾಗ್ಯದ ದೂತರೂ ಅಲ್ಲ, ಚಿಕಿತ್ಸೆಯ ವಿಷಯವೂ ಅಲ್ಲ, ಕಂಡದ್ದನ್ನು ನಿರ್ಭಯವಾಗಿ ಹೇಳುವ ಅಧಿಕಾರದ ಗುರುತುಗಳು. ಜೈನ ಕವಿಗಳೂ ವೈದ್ಯರೂ ಮುಟ್ಟದ ಮೂರನೆಯ ದೃಷ್ಟಿ ಇದು. ಇದನ್ನು ಬರೆದ ನೆಲದಲ್ಲಿ ಬದುಕನ್ನು ಹಿಡಿದು ನಿಲ್ಲಿಸಿರುವ ಬೆಳೆಯೇ ಈ ಚರ್ಚೆಗೆ ಇನ್ನೊಂದು ತಿರುವನ್ನು ಕೊಡುತ್ತದೆ.

ಆ ಬೆಳೆ ಅಡಿಕೆ. 1999ರಲ್ಲಿ ಕೊರಿಯದ ಸಂಶೋಧಕರು ಅಡಿಕೆಯ ಸಾರವು ಚರ್ಮದ ಎಲಾಸ್ಟಿನ್ ಮತ್ತು ಹೈಯಲುರಾನಿಕ್ ಆಮ್ಲಗಳನ್ನು ಒಡೆಯುವ ಕಿಣ್ವಗಳನ್ನು ತಡೆಯುತ್ತದೆಂದು, ಆದ್ದರಿಂದ ಮುಪ್ಪು ತಡೆಯುವ ಲೇಪಗಳಿಗೆ ಉಪಯುಕ್ತವೆಂದು ಪ್ರಕಟಿಸಿದರು. ಆದರೆ ಅಡಿಕೆಯನ್ನು ವರ್ಷಗಟ್ಟಲೆ ಜಗಿದವರ ಬಾಯಲ್ಲಿ ನಡೆಯುವುದು ಸುಕ್ಕಿನ ತದ್ವಿರುದ್ಧ ಕ್ರಿಯೆ. ಅಡಿಕೆಯ ಅರೆಕೋಲಿನ್ ಮೊದಲಾದ ಅಂಶಗಳು ಬಾಯಿಯ ಒಳಪದರದ ತಂತುಕೋಶಗಳಿಂದ ಮಿತಿಮೀರಿ ಕಾಲಜನ್ ಹೆಣೆಯಿಸುತ್ತವೆ, ಹೆಣೆದದ್ದು ಕರಗದಂತೆ ನೋಡಿಕೊಳ್ಳುತ್ತವೆ. ಒಳಗೆನ್ನೆ ಬಿಗಿದು ಹಲಗೆಯಾಗುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಕೆನ್ನೆಯ ಹೊರಗೆ ಹಣ ಕೊಟ್ಟು ಬೇಡುವ ಕಾಲಜನ್ ಕೆನ್ನೆಯ ಒಳಗೆ ರೋಗವಾಗುತ್ತದೆ. ‘ತೆರೆ’ ಎಂಬ ಪದ ಸುಕ್ಕನ್ನೂ ಅಲೆಯನ್ನೂ ಹೇಳುವಂತೆಯೇ ಬಾಯಿ ತೆರೆಯುವುದನ್ನೂ ಹೇಳುತ್ತದೆಂಬುದು ನಿಘಂಟಿನ ಆಕಸ್ಮಿಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸುವಾಗ ಈ ರೋಗವನ್ನೂ ಪರಿಗಣಿಸಿತ್ತು. ಅಡಿಕೆಯ ಧಾರಣೆಯಲ್ಲಿ ಮನೆಯ ಲೆಕ್ಕವೆಲ್ಲ ನಿಂತಿರುವ ಸೀಮೆಯಲ್ಲಿ ಇದನ್ನು ಹೇಳುವುದು ಹಿತವಲ್ಲ, ಆದರೂ ಇದು ನಿಜ.

ಈ ರೋಗದ ಹಂತವನ್ನು ದಂತವೈದ್ಯರು ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆದು ನಿರ್ಧರಿಸುತ್ತಾರೆ. ಬಿಗಿದ ಒಳಪದರವನ್ನು ಸಡಿಲಿಸಲು ಅವರು ಚುಚ್ಚುವ ಮದ್ದುಗಳಲ್ಲಿ ಒಂದು ಹೈಯಲುರಾನಿಡೇಸ್ ಎಂಬ ಕಿಣ್ವ. ಮುಖಕ್ಕೆ ತುಂಬಿದ ಭರ್ತಿ ತಪ್ಪಿದಾಗ ಅದನ್ನು ಕರಗಿಸಲು ಚರ್ಮವೈದ್ಯರು ಬಳಸುವುದೂ ಇದನ್ನೇ. ಬಹುಕಾಲದಿಂದ ಇದರ ಆಕರ ಕುರಿ ಮತ್ತು ಹೋರಿಗಳ ವೃಷಣ. ಸೌಂದರ್ಯದ ಬಯಕೆಯನ್ನು ಬದಿಗಿಡಬಹುದು. ತುತ್ತು ಬಾಯಿಗಿಡಲಾಗದವನ ಮುಂದೆ ಹಿತಾಹಿತಾಧ್ಯಾಯದ ವಾದವನ್ನು ಮಂಡಿಸುವುದು ಅಷ್ಟು ಸುಲಭವಲ್ಲ. ಮಾನವ ವಂಶವಾಹಿಯನ್ನು ಬಳಸಿ ಕೋಶಗಳಲ್ಲಿ ಬೆಳೆಸಿದ ಇದೇ ಕಿಣ್ವಕ್ಕೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆಯಿತು. ಅದರ ಬೆಲೆ ಪ್ರಾಣಿಮೂಲದ್ದಕ್ಕಿಂತ ಹೆಚ್ಚು.